ಊದದ ಸೀಟಿ

ಹೋದ ವಾರ ಚಿತ್ತಾಪುರದ ನಿಲ್ದಾಣದಲ್ಲಿ ಮಳೆ ಹಿಡಿದಿತ್ತು. ನಾನು ಕಂಡಕ್ಟರ್ ಆಗಿರುವ ಗಾಡಿ ಸೇಡಂನಿಂದ ಬಂದು ವಾಡಿ, ಶಹಾಬಾದ್ ಕಡೆಗೆ ಹೋಗುವುದು. ಒಬ್ಬ ಮುದುಕ ಶೇಂಗಾ ಹಿಂಡಿಯ ಚೀಲವನ್ನು ಬಾಗಿಲಿನವರೆಗೆ ಎಳೆದುಕೊಂಡು ಬಂದ. ಎಮ್ಮೆಗೆ ಹಾಕುವ ಹಿಂಡಿ. ಚೀಲ ತೊಯ್ದಿತ್ತು. ನಾನೇ ಒಂದು ಕಡೆ ಹಿಡಿದು ಮೇಲಕ್ಕೆತ್ತಿ ಕೊನೆಯ ಸೀಟಿನ ಕೆಳಗೆ ತಳ್ಳಿದೆ. ವಾಡಿ ಹತ್ತಿರ ಬರುವ ಹೊತ್ತಿಗೆ ಅದರ ವಾಸನೆ ಗಾಡಿಯ ತುಂಬ ಹರಡಿತ್ತು. ಹಸಿ ಗೋಣಿ, ಹಿಂಡಿಯ ಎಣ್ಣೆ, ಅದರ ಮೇಲೆ ಡೀಸೆಲ್ಲು. ಹೊರಗೆ ಸಿಮೆಂಟಿನ ಧೂಳು ಮಳೆಗೆ ಕಲಸಿ ರಸ್ತೆಯ ಅಂಚಿನಲ್ಲಿ ಬೂದು ಬಣ್ಣದ ರಾಡಿಯಾಗಿ ಹರಿಯುತ್ತಿತ್ತು. ಟಿಕೆಟ್ ಕೊಡುವುದು ಬಾಕಿ ಇತ್ತು. ನಾನು ಕಂಬಿ ಹಿಡಿದು ಸುಮ್ಮನೆ ನಿಂತುಬಿಟ್ಟೆ. ದಿನಾ ಬರುವ ಮಾಸ್ತರರೊಬ್ಬರು ಮೈ ಹುಷಾರಿಲ್ಲವೇನು ಎಂದು ಕೇಳಿದರು. ತಲೆನೋವು ಎಂದೆ.

ತಲೆನೋವಿರಲಿಲ್ಲ. ಅದೇ ವಾಸನೆಯ ಒಂದು ಚೀಲವನ್ನು ನಾನು ಇನ್ನೊಂದು ಊರಿನಲ್ಲಿ, ಇನ್ನೊಂದು ಮಳೆಗಾಲದಲ್ಲಿ ಎತ್ತಿದ್ದೆ. ಆ ಸಂಜೆ ಏನಾಯಿತು ಎಂದು ನಮ್ಮ ಇಲಾಖೆಯವರು ಕೇಳಿದಾಗ, ಒಂದು ಹೆಸರು ಬಿಟ್ಟು, ಕಂಡದ್ದನ್ನು ಕಂಡ ಹಾಗೆ ಹೇಳಿದ್ದೆ. ಯಾರೂ ನಂಬಲಿಲ್ಲ. ಈಗ ಇನ್ನೊಮ್ಮೆ ಹೇಳುತ್ತೇನೆ. ಊರಿನ ನಿಜವಾದ ಹೆಸರು ಬೇಡ, ಗಟ್ಟುಪಳ್ಳಿ ಎನ್ನುತ್ತೇನೆ. ಡಿಪೋ ಯಾವುದೆಂದೂ ಬರೆಯುವುದಿಲ್ಲ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಉಳಿದದ್ದೆಲ್ಲ ನಡೆದ ಹಾಗೆಯೇ ಇದೆ.

ಹೆಂಗಸರಿಗೆ ಬಸ್ಸು ಉಚಿತವಾದ ಮೇಲಿನ ಮೊದಲ ಮಳೆಗಾಲ ಅದು. ನಾನು ಕಂಡಕ್ಟರ್ ಆಗಿ ಸೇರಿ ಬಹಳ ದಿನ ಆಗಿರಲಿಲ್ಲ. ನಮ್ಮ ಮನೆ ಸನ್ನತಿಯ ಕಡೆ, ಭೀಮಾ ದಂಡೆಯ ಎರೆಹೊಲದ ಸೀಮೆ. ಕಾಡು, ಗುಡ್ಡ ಎಂದರೆ ನನಗೆ ಗೊತ್ತೇ ಇರಲಿಲ್ಲ. ನನ್ನನ್ನು ಕುಂಚಾವರಂ ಆಚೆಯ ವಸ್ತಿ ಗಾಡಿಗೆ ಹಾಕಿದರು. ಸಂಜೆ ಚಿಂಚೋಳಿಯಿಂದ ಹೊರಟು ಕೊನೆಯ ಊರು ಮುಟ್ಟಿ, ಅಲ್ಲೇ ಉಳಿದು, ಬೆಳಗಿನ ಮೊದಲ ಟ್ರಿಪ್ಪು ಹೊಡೆದುಕೊಂಡು ಬರುವ ಗಾಡಿಗೆ ವಸ್ತಿ ಗಾಡಿ ಎನ್ನುತ್ತಾರೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಆ ಊರಿನಲ್ಲೇ ಮಲಗಬೇಕು. ಫೋನಿಗೆ ಸಿಗ್ನಲ್ ಇಲ್ಲದ ಊರು. ಚಂದ್ರಂಪಳ್ಳಿ ಕಡೆಯ ತಿರುವು ದಾಟಿದ ಮೇಲೆ ರಸ್ತೆ ಸಣ್ಣದಾಗುತ್ತ, ಕೆಮ್ಮಣ್ಣಿನ ಏರಿನಲ್ಲಿ ಒಂದೇ ಗಾಡಿ ಹಿಡಿಯುವಷ್ಟು ಉಳಿಯುತ್ತದೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಒಬ್ಬರು ಹಿಂದಕ್ಕೆ ಸರಿಯಲೇಬೇಕು. ಆ ರೂಟು ಕೊಟ್ಟರೆ ಡ್ರೈವರುಗಳು ರಜೆ ಚೀಟಿ ಬರೆಯುತ್ತಿದ್ದರು. ನಾನು ಬರುವ ಮೊದಲು ಡ್ರೈವರ್ ಇಲ್ಲವೆಂದು ಎರಡು ಮಳೆಗಾಲ ಗಾಡಿ ಪೂರ್ತಿ ನಿಂತಿತ್ತಂತೆ. ಜನ ಏರಿನ ಕೆಳಗಿನ ಕ್ರಾಸಿನವರೆಗೆ ನಡೆದು, ಅಲ್ಲಿ ಸಿಕ್ಕ ಟಂಟಂ ಆಟೋ ಹಿಡಿದು ಚಿಂಚೋಳಿಗೆ ಹೋಗುತ್ತಿದ್ದರಂತೆ.

ಮತ್ತೆ ಗಾಡಿ ಶುರುವಾದದ್ದು ಶರಣಪ್ಪ ಕಾಕಾನಿಂದ. ಅವರು ಡಿಪೋದ ಹಿರಿಯ ಡ್ರೈವರು, ನಿವೃತ್ತಿಗೆ ಹತ್ತಿರವಾದವರು. ಆ ರೂಟು ನನಗಿರಲಿ ಎಂದು ತಾವಾಗಿಯೇ ಕೇಳಿ ತೆಗೆದುಕೊಂಡವರು. ಕಾರಣ ಕೇಳಿದರೆ, ಡಿಪೋದ ಗದ್ದಲಕ್ಕಿಂತ ಗುಡ್ಡದ ಗಾಳಿ ಚಲೋ ಎನ್ನುತ್ತಿದ್ದರು. ದಪ್ಪ ಮೀಸೆ, ಸಣ್ಣ ದನಿ. ಸ್ಟೇರಿಂಗ್ ಹಿಡಿದರೆ ಎಲೆಯಡಿಕೆ ಬಾಯಿಗೆ ಹಾಕುತ್ತಿರಲಿಲ್ಲ. ನನಗೆ ಕೆಲಸ ಕಲಿಸಿದವರು ಅವರೇ. ಟಿಕೆಟ್ ಮಷೀನು ಕೆಟ್ಟರೆ ಏನು ಮಾಡಬೇಕು, ತಪಾಸಣೆಯವರು ಹತ್ತಿದರೆ ಹೇಗೆ ನಿಲ್ಲಬೇಕು, ಕುಡಿದವನನ್ನು ಜಗಳವಿಲ್ಲದೆ ಹೇಗೆ ಇಳಿಸಬೇಕು, ಎಲ್ಲ. ಮೊದಲ ದಿನವೇ ಅಂದಿದ್ದರು: "ನೋಡು ಚಂದ್ರಕಾಂತ, ಗಾಡಿಯಾಗ ನಾವಿಬ್ರೂ ಗಂಡ ಹೆಂಡ್ತಿ ಇದ್ದಂಗ. ಹೊರಗಿನವರ ಮುಂದ ಒಬ್ರನ್ನೊಬ್ರು ಬಿಟ್ಟುಕೊಡಬಾರದು." ನಾನು ನಕ್ಕಿದ್ದೆ. ಆದರೆ ಆ ಮಾತನ್ನು ನಂಬಿದ್ದೆ.

ಕಾಕಾನದು ಒಂದು ರೂಢಿ ಇತ್ತು. ಕಂಡಕ್ಟರ್ ಎರಡು ಸೀಟಿ ಊದಿದ ಮೇಲೆಯೇ ಗಾಡಿ ಬಿಡಬೇಕು ಎಂಬುದು ನಿಯಮ. ಇಳಿಯುವವರು ಇಳಿದರೇ, ಹತ್ತುವವರು ಹತ್ತಿದರೇ ಎಂದು ನೋಡುವವನು ಕಂಡಕ್ಟರು. ಕಾಕಾ ಸೀಟಿಗೆ ಕಾಯುತ್ತಿರಲಿಲ್ಲ. ಎಡಗಡೆಯ ಕನ್ನಡಿಯಲ್ಲಿ ಒಮ್ಮೆ ನೋಡಿ ಗಿಯರ್ ಹಾಕಿಬಿಡುತ್ತಿದ್ದರು. ನಾನು ಶುರುವಿನಲ್ಲಿ ಎರಡು ಮೂರು ಸಲ ಹೇಳಿದೆ. "ಇಳಿದವರ ಭಾರ ನನ್ನ ಕುಂಡಿಗೇ ತಿಳಿತದ, ಸೀಟಿ ಯಾಕ ಬೇಕು?" ಎಂದರು. ನಾನು ಅವಸರದಿಂದ ಊದುವಷ್ಟರಲ್ಲಿ ಗಾಡಿ ಮಾರು ದೂರ ಹೋಗಿರುತ್ತಿತ್ತು. ಗಟ್ಟುಪಳ್ಳಿಯ ಜನಕ್ಕೆ ಇದೊಂದು ನಗೆಯ ವಿಷಯವಾಯಿತು. ಆ ನಗೆಗೆ ಮಾತು ಕೊಟ್ಟವಳು ರತ್ನಮ್ಮಾಯಿ. ಊರಬಾಗಿಲು, ಅಂದರೆ ಅಗಸಿಯ ಪಕ್ಕದ ಮನೆಯ ಮುದುಕಿ. ಒಂದು ಸಂಜೆ ಗಾಡಿ ತುಂಬಿದಾಗ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಈ ಕಂಡಕ್ಟರನ ಸೀಟಿ ಪಾಪ, ದಿನಾ ಗಾಡಿ ತಪ್ಪಿಸ್ಕೊಂಡು ಹಿಂದಿಂದ ಓಡಿ ಬರ್ತದ." ಕಾಕಾ ಕೂಡ ಬಾಗಿ ಬಾಗಿ ನಕ್ಕರು. ಆಮೇಲೆ ಆ ಮಾತು ಊರಿನದಾಯಿತು. ನನ್ನನ್ನು ಕಂಡರೆ, ಇವತ್ತು ಸೀಟಿ ಗಾಡಿ ಹಿಡೀತೋ ಇಲ್ಲೋ ಎಂದು ಕೇಳುವರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಕಾಕಾ ಸೀಟಿಗೆ ಕಾಯುವುದಿಲ್ಲ ಎಂಬುದು ಆ ಊರಿನಲ್ಲಿ ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ.

ನಾವು ಇಳಿದುಕೊಳ್ಳುತ್ತಿದ್ದುದು ಇಸ್ಮಾಯಿಲ್ ಮಾಮುನ ಹೋಟೆಲಿನಲ್ಲಿ. ಹೋಟೆಲೆಂದರೆ ತಗಡಿನ ಛಾವಣಿ, ಒಂದು ಒಲೆ, ಎರಡು ಬೆಂಚು, ಪಕ್ಕದಲ್ಲಿ ಜೋಳದ ಚೀಲ ಇಡುವ ಖೋಲಿ. ಆ ಖೋಲಿಯಲ್ಲಿ ನಮ್ಮ ಹಾಸಿಗೆ. ಚಹಾ ಮಾಮುನದು, ಊಟ ಊರಿನದು. ವಸ್ತಿ ಗಾಡಿಯವರಿಗೆ ಊರವರು ಪಾಳಿಯ ಮೇಲೆ ಊಟ ಕೊಡುವುದು ಅಲ್ಲಿಯ ಪದ್ಧತಿ. ಇವತ್ತು ಈ ಓಣಿ, ನಾಳೆ ಆ ಓಣಿ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ, ಕೆಲವು ಮನೆಗಳಿಂದ ತೆಲುಗರ ಹಾಗೆ ಅನ್ನ, ಚಾರು. ಪಾಳಿ ತಪ್ಪಿದ್ದನ್ನು ನಾನು ನೋಡಲಿಲ್ಲ. ಮಳೆ ಎಷ್ಟೇ ಇರಲಿ, ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು ಯಾರಾದರೂ ಬುಟ್ಟಿ ತಂದು ಇಡುತ್ತಿದ್ದರು. ರತ್ನಮ್ಮಾಯಿಯ ಪಾಳಿ ಬಂದ ದಿನ ಬುಟ್ಟಿಯಲ್ಲಿ ಎಣ್ಣೆ ಹಚ್ಚಿದ ಸಜ್ಜಿರೊಟ್ಟಿ ಇರುತ್ತಿತ್ತು. ಉಣ್ಣುವವರೆಗೆ ಎದುರಿಗೆ ಕೂತು, ನೀ ಹೆಣ್ಣುಡುಗರಂಗ ಉಣ್ತಿ ಎಂದು ನನ್ನನ್ನು ಬೈಯುತ್ತಿದ್ದಳು.

ಅವಳ ಮೊಮ್ಮಗಳು ಸುಜಾತಾ. ಚಿಂಚೋಳಿಯಲ್ಲಿ ಪಿಯುಸಿ ಓದುತ್ತಿದ್ದಳು. ಆ ಊರಿನಿಂದ ಹತ್ತನೆಯ ಕ್ಲಾಸು ದಾಟಿ ದಿನಾ ಹೋಗಿಬರುತ್ತಿದ್ದ ಮೊದಲ ಹುಡುಗಿ. ಗಾಡಿ ನಿಂತಿದ್ದ ಎರಡು ಮಳೆಗಾಲದಲ್ಲಿ ಅವಳಿಗಿಂತ ದೊಡ್ಡ ಹುಡುಗಿಯರ ಓದು ನಿಂತುಹೋಗಿತ್ತು. ಇವಳನ್ನೂ ಬಿಡಿಸಬೇಕು ಎಂದು ಸೋದರಮಾವ ಹಟ ಹಿಡಿದಿದ್ದನಂತೆ. ಗಾಡಿ ಅಗಸಿಗೇ ಬರುತ್ತದೆ, ಅಗಸಿಯಿಂದಲೇ ಹೋಗುತ್ತದೆ, ಹುಡುಗಿ ಎಲ್ಲೂ ಒಬ್ಬಳೇ ನಡೆಯಬೇಕಾಗಿಲ್ಲ ಎಂದು ರತ್ನಮ್ಮಾಯಿ ಅವನ ಬಾಯಿ ಮುಚ್ಚಿಸಿದ್ದಳು. ಅಂದರೆ ಆ ಹುಡುಗಿಯ ಕಾಲೇಜು ನಮ್ಮ ಗಾಡಿಯ ಮೇಲೆ ನಿಂತಿತ್ತು. ಇದು ನನಗೆ ಗೊತ್ತಿತ್ತು. ಏರಿನಲ್ಲಿ ರಾಡಿ ಹೆಚ್ಚಾಗಿ, ಇವತ್ತು ಕ್ರಾಸಿನಿಂದಲೇ ತಿರುಗಿಸೋಣವೇನು ಎಂದು ಕಾಕಾ ನನ್ನ ಮುಖ ನೋಡಿದ ದಿನಗಳಲ್ಲಿ, ಬೇಡ ಕಾಕಾ, ಊರಿಗೇ ಹೋಗೋಣ ಎಂದವನು ನಾನು.

ಶ್ರಾವಣದ ಒಂದು ಸಂಜೆ. ಮಳೆ ಜಿನುಗುತ್ತಿತ್ತು, ಜೋರಿರಲಿಲ್ಲ. ಬೆಳಕಿನ್ನೂ ಇತ್ತು. ಗಾಡಿ ಅಗಸಿಗೆ ಬಂದು ನಿಂತಿತು. ಅಲ್ಲಿ ಜನ ಇಳಿಯುತ್ತಾರೆ, ಆಮೇಲೆ ಗಾಡಿ ತುಸು ಮುಂದೆ ಹೋಗಿ ಇಸ್ಮಾಯಿಲ್ ಮಾಮುನ ಹೋಟೆಲಿನ ಎದುರು ನಿಲ್ಲುತ್ತದೆ. ರತ್ನಮ್ಮಾಯಿ ಅವತ್ತು ಚಿಂಚೋಳಿಗೆ ಹೋಗಿ ಹಿಂಡಿಯ ಚೀಲ ತಂದಿದ್ದಳು. ಚೀಲ ಕೊನೆಯ ಸೀಟಿನ ಕೆಳಗಿತ್ತು. ನೀ ಮುಂದ ಇಳಿ ಆಯಿ, ಚೀಲ ನಾ ತರ್ತೀನಿ ಎಂದು ನಾನೇ ಹೇಳಿದೆ. ಅವಳು ಬಾಗಿಲಿನ ಕಡೆ ಹೋದಳು. ನಾನು ಚೀಲದ ಒಂದು ತುದಿ ಹಿಡಿದೆ, ಸುಜಾತಾ ಇನ್ನೊಂದು ತುದಿ ಹಿಡಿದಳು. ನನ್ನ ಎರಡೂ ಕೈ ಚೀಲದ ಮೇಲಿದ್ದವು. ಸೀಟಿ ಕೊರಳ ದಾರದಲ್ಲಿ ಅಂಗಿಯ ಮೇಲೆ ತೂಗುತ್ತಿತ್ತು. ಹುಡುಗಿ ಕೇಳಿದಳು, ನಾಳೆ ಮಳೆ ಜೋರಾದರೆ ಗಾಡಿ ಕ್ರಾಸಿನಿಂದಲೇ ಹೋಗುತ್ತದೆಯೇನು, ನನಗೆ ಪ್ರಾಕ್ಟಿಕಲ್ ಇದೆ ಎಂದು. ನಾನು ಅವಳಿಗೆ ಉತ್ತರ ಹೇಳುತ್ತಿದ್ದೆ. "ಅಗಸಿಗೇ ಬರ್ತದವ್ವಾ, ನೀ ಚಿಂತಿ..." ಎಂಬಲ್ಲಿಗೆ ಗಾಡಿ ಮುಂದಕ್ಕೆ ಜಗ್ಗಿತು. ಚೀಲ ನಮ್ಮಿಬ್ಬರ ಕೈಯಿಂದ ಜಾರಿತು.

ನಾನು ಕೂಗಿದೆ. ಬಾಗಿಲ ಹತ್ತಿರ ಇದ್ದವರೂ ಕೂಗಿದರು. ಗಾಡಿ ನಿಂತಿತು. ರತ್ನಮ್ಮಾಯಿಯ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲಕ್ಕೆ ತಾಗುವುದರಲ್ಲಿದ್ದಾಗ ಗಾಡಿ ಹೊರಟಿತ್ತು. ಅವಳು ಒಂದು ಮಗ್ಗುಲಿಗೆ ಕಲ್ಲಿನ ಮೇಲೆ ಬಿದ್ದಿದ್ದಳು. ಗಾಲಿ ತಾಗಿರಲಿಲ್ಲ. ತೊಡೆಯ ಎಲುಬು ಮುರಿದಿತ್ತು, ಅದು ಆಮೇಲೆ ತಿಳಿದದ್ದು. ಅವಳು ಅಳಲಿಲ್ಲ. ಸೀರೆ ಸರಿಮಾಡು ಎಂದು ಮೊಮ್ಮಗಳಿಗೆ ಹೇಳಿದಳು.

ಅದೇ ಗಾಡಿಯಲ್ಲಿ, ಅವಳ ಮನೆಯಿಂದ ಹಾಸಿಗೆ ತಂದು ನಡುವೆ ಹಾಸಿ, ಅವಳನ್ನು ಮಲಗಿಸಿಕೊಂಡು ಚಿಂಚೋಳಿಯ ದವಾಖಾನೆಗೆ ಹೋದೆವು. ಕಾಕಾ ಅಷ್ಟು ಮೆಲ್ಲಗೆ ಗಾಡಿ ಓಡಿಸಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಅಲ್ಲಿಂದ ಅವಳನ್ನು ಕಲಬುರಗಿಗೆ ಕಳಿಸಿದರು. ದವಾಖಾನೆಯ ಕಟ್ಟೆಯ ಮೇಲೆ ಕಾಕಾ ಕೂತಿದ್ದರು. ನಾನು ನೀರು ಕೊಟ್ಟೆ. ಕುಡಿಯಲಿಲ್ಲ. "ನಂದೇ ತಪ್ಪಾತು ತಮ್ಮಾ. ಕನ್ನಡಿ ಮ್ಯಾಲ ಮಳಿ ನೀರ ಇತ್ತು, ಇಳಿದಾಳ ಅಂದ್ಕೊಂಡೆ. ನೀ ಅಂಜಬ್ಯಾಡ, ಸಾಹೇಬ್ರ ಮುಂದ ನಾನೇ ಹೇಳ್ತೀನಿ" ಎಂದರು. ನಾನು ಅವರ ಹೆಗಲ ಮೇಲೆ ಕೈ ಇಟ್ಟೆ. ಅವತ್ತು ನನಗೆ ನನ್ನ ಬಗ್ಗೆ ಚಿಂತೆಯೇ ಇರಲಿಲ್ಲ. ಈ ಮನುಷ್ಯನ ನೌಕರಿಯ ಕೊನೆಗೆ ಹೀಗಾಯಿತಲ್ಲ ಎಂದು ಅವರ ಚಿಂತೆ ಮಾಡುತ್ತಿದ್ದೆ.

ಮುಂದಿನ ಕೆಲವು ದಿನ ನಮ್ಮಿಬ್ಬರನ್ನೂ ಗಾಡಿಗೆ ಹಾಕಲಿಲ್ಲ. ಗಟ್ಟುಪಳ್ಳಿಗೆ ಬಸ್ಸು ಹೋಗಲಿಲ್ಲ. ಊರಿನಿಂದ ಹತ್ತಾರು ಮಂದಿ ಕ್ರಾಸಿನವರೆಗೆ ನಡೆದು, ಡಿಪೋಕ್ಕೆ ಬಂದು ಮ್ಯಾನೇಜರ್ ಸಾಹೇಬರನ್ನು ಕಂಡರು. ನಾನು ಅಂಗಳದಲ್ಲಿದ್ದೆ. ಒಳಗೆ ಏನು ಮಾತಾಯಿತು ಎಂದು ಕೇಳಲಿಲ್ಲ. ಹೊರಗೆ ಬಂದವರು ನನ್ನನ್ನು ಮಾತಾಡಿಸಿದರು, ಆಯಿಗೆ ಆಪರೇಷನ್ ಆಗಿದೆ ಎಂದು ಹೇಳಿದರು. ಒಬ್ಬಿಬ್ಬರು ನನ್ನ ಕಣ್ಣು ತಪ್ಪಿಸಿದರು ಎಂದು ಈಗ ಅನಿಸುತ್ತದೆ. ಆದರೆ ಅದು ಈಗಿನ ಅನಿಸಿಕೆ. ಅವತ್ತು ಹಾಗೆ ಕಂಡಿತ್ತೆಂದು ಪ್ರಮಾಣ ಮಾಡಿ ಹೇಳಲಾರೆ.

ವಿಚಾರಣೆಗೆ ಮೇಲಿನ ಕಚೇರಿಯಿಂದ ಒಬ್ಬ ನಿರೀಕ್ಷಕರು ಬಂದರು. ಸ್ಥಳದಲ್ಲೇ ಕೇಳುತ್ತೇನೆ ಎಂದು ನಮ್ಮಿಬ್ಬರನ್ನೂ ಜೀಪಿನಲ್ಲಿ ಗಟ್ಟುಪಳ್ಳಿಗೆ ಕರೆದುಕೊಂಡು ಹೋದರು. ಇಸ್ಮಾಯಿಲ್ ಮಾಮುನ ಹೋಟೆಲಿನ ಬೆಂಚಿನ ಮೇಲೆ ಅವರು ಕೂತರು. ನಾನು ಎದುರಿನ ಬೆಂಚಿನಲ್ಲಿ. ಊರವರು ತಗಡಿನ ಕೆಳಗೆ ಒತ್ತಾಗಿ ನಿಂತಿದ್ದರು. ಮಳೆ ನಿಂತು ಹೊಳವಾಗಿತ್ತು. ಮೊದಲು ಕಾಕಾನನ್ನು ಕೇಳಿದರು. ಕಾಕಾ ಕೈಕಟ್ಟಿ ನಿಂತು ತಮ್ಮ ಸಣ್ಣ ದನಿಯಲ್ಲಿ ಹೇಳಿದರು.

"ಸೀಟಿ ಆತ್ರಿ. ಎರಡು ಸೀಟಿ. ಸೀಟಿ ಆದ ಮ್ಯಾಲೇ ನಾ ಗಿಯರ್ ಹಾಕಿನ್ರಿ."

ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದು ಅವರ ಕಡೆ ನೋಡಿದೆ. ಅವರು ಒಲೆಯ ಕಡೆ ನೋಡುತ್ತಿದ್ದರು.

ಆಮೇಲೆ ಊರವರು. ಅವತ್ತು ಗಾಡಿಯಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಕರೆದು ಸೀಟಿ ಕೇಳಿಸಿತೇ ಎಂದು ನಿರೀಕ್ಷಕರು ಕೇಳಿದರು. ಮೊದಲನೆಯವರು ಕೇಳಿಸಿತು ಎಂದರು. ಇನ್ನೊಬ್ಬರೂ ಕೇಳಿಸಿತು ಎಂದರು. ನನಗೆ ಬುಟ್ಟಿ ತಂದಿಡುತ್ತಿದ್ದವರು, ನನ್ನ ಸೀಟಿ ಹಿಂದಿನಿಂದ ಓಡಿಬರುತ್ತದೆ ಎಂದು ನಕ್ಕವರು. ಸಿಟ್ಟಿನಿಂದ ಯಾರೂ ಹೇಳಲಿಲ್ಲ, ನನ್ನ ಮೇಲೆ ಕೆಟ್ಟ ಮಾತು ಒಂದೂ ಆಡಲಿಲ್ಲ. ಒಳ್ಳೆ ಹುಡುಗರೀ, ಅವತ್ತೊಂದಿನ ನೋಡದೆ ಊದಿದ ಎಂದು ಒಬ್ಬರು ನನ್ನ ಪರವಾಗಿಯೇ ಎಂಬಂತೆ ಹೇಳಿದರು. ಇಸ್ಮಾಯಿಲ್ ಮಾಮುನನ್ನು ಕೇಳಿದಾಗ, ನಾ ಒಲಿ ಮುಂದಿದ್ದೆ, ಕಂಡಿಲ್ಲ, ಕೇಳಿಲ್ಲ ಎಂದ. ಗಾಡಿ ಬರುವ ಹೊತ್ತಿಗೆ ಅವನು ದಿನಾ ಹೊರಗೆ ಬಂದು ನಿಲ್ಲುತ್ತಿದ್ದ. ಅವತ್ತೂ ನಿಂತಿದ್ದ. ರತ್ನಮ್ಮಾಯಿ ಬಿದ್ದಾಗ ಮೊದಲು ಓಡಿಬಂದವನು ಅವನೇ.

ಕೊನೆಗೆ ಸುಜಾತಾ ಬಂದಳು. ನನಗೆ ಆಗಲೂ ಧೈರ್ಯವಿತ್ತು. ಚೀಲದ ಇನ್ನೊಂದು ತುದಿ ಹಿಡಿದಿದ್ದವಳು ಅವಳು. ನನ್ನ ಬಾಯಲ್ಲಿ ಆ ಗಳಿಗೆ ಇದ್ದದ್ದು ಅವಳಿಗೆ ಹೇಳುತ್ತಿದ್ದ ಮಾತು. ಮಾತಾಡುವ ಬಾಯಿ ಸೀಟಿ ಊದಲಾರದು ಎಂಬುದಕ್ಕೆ ಅವಳಿಗಿಂತ ದೊಡ್ಡ ಸಾಕ್ಷಿ ಇರಲಿಲ್ಲ. ಅವಳು ನೆಟ್ಟಗೆ ನಿಂತಳು. ಕ್ಲಾಸಿನಲ್ಲಿ ಪಾಠ ಒಪ್ಪಿಸುವ ಹಾಗೆ ಸ್ಪಷ್ಟವಾಗಿ ಹೇಳಿದಳು.

"ಕೇಳಿಸ್ತುರಿ. ಎರಡು ಸಲ."

ನಿರೀಕ್ಷಕರು ನನ್ನ ಕಡೆ ತಿರುಗಿದರು. "ಇಷ್ಟು ಮಂದಿ ಸುಳ್ಳು ಹೇಳ್ತಾರೇನಪ್ಪಾ?"

"ನಾ ಊದಿಲ್ರಿ. ನನ್ನ ಎರಡೂ ಕೈ ಚೀಲದ ಮ್ಯಾಲಿದ್ವು."

"ಸೀಟಿ ಬಾಯಿಲೆ ಊದ್ತಾರ, ಕೈಲೆ ಅಲ್ಲ."

"ಬಾಯಾಗ ಮಾತಿತ್ತುರಿ. ಮಾತಾಡ್ಲಿಕತ್ತಿದ್ದೆ."

"ಯಾರ ಸಂಗಾಟ?"

ಸುಜಾತಾಳ ಸೋದರಮಾವ ಅವಳ ಹಿಂದೆಯೇ ನಿಂತಿದ್ದ. ಅವನ ಕಣ್ಣು ನನ್ನ ಮೇಲಿತ್ತು. ಕಂಡಕ್ಟರನೂ ಈ ಹುಡುಗಿಯೂ ಹಿಂದಿನ ಸೀಟಿನ ಹತ್ತಿರ ಮಾತಾಡುತ್ತ ನಿಂತಿದ್ದರು ಎಂದು ನಾನು ಹೇಳಿದ್ದರೆ, ಅದು ಕಾಗದದ ಮೇಲೆ ಬರುವ ಮೊದಲೇ ಊರಿನ ಬಾಯಿಗೆ ಬರುತ್ತಿತ್ತು. ಮರುದಿನದಿಂದ ಅವಳು ಕಾಲೇಜಿಗೆ ಹೋಗುತ್ತಿರಲಿಲ್ಲ. ಅವಳು ಆಗಷ್ಟೇ ಸುಳ್ಳು ಹೇಳಿದ್ದಳು, ನಾನು ಅದನ್ನು ಒಂದೇ ಮಾತಿನಲ್ಲಿ ಮುರಿಯಬಹುದಾಗಿತ್ತು.

"ಯಾರ ಸಂಗಾಟನೋ, ನೆನಪಿಲ್ರಿ" ಎಂದೆ.

ನಿರೀಕ್ಷಕರು ನಕ್ಕರು. ಕೆಟ್ಟ ನಗೆಯಲ್ಲ. ಇಂಥವರನ್ನು ಬಹಳ ನೋಡಿದವರ ನಗೆ. ವಿಚಾರಣೆ ಅಲ್ಲಿಗೆ ಮುಗಿಯಿತು. ದವಾಖಾನೆಯಲ್ಲಿ ರತ್ನಮ್ಮಾಯಿಯೂ ಸೀಟಿ ಕೇಳಿಸಿತು ಎಂದೇ ಹೇಳಿಕೆ ಕೊಟ್ಟಿದ್ದಾಳೆಂದು ವಾಪಸು ಬರುವಾಗ ಜೀಪಿನಲ್ಲಿ ತಿಳಿಯಿತು. ಕಾಕಾ ನನ್ನ ಪಕ್ಕದಲ್ಲೇ ಕೂತಿದ್ದರು. ತಿರುವುಗಳಲ್ಲಿ ಅವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಪ್ರತಿ ಸಲವೂ ಅವರು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು.

ನನ್ನನ್ನು ಅಮಾನತ್ತಿನಲ್ಲಿ ಇಟ್ಟರು. ಕಾಕಾ ಮತ್ತೆ ಗಾಡಿ ಹತ್ತಿದರು. ಗಟ್ಟುಪಳ್ಳಿಗೆ ವಸ್ತಿ ಗಾಡಿ ಮತ್ತೆ ಶುರುವಾಯಿತು.

ನನ್ನ ಹಾಸಿಗೆ, ಒಂದು ಜೋಡಿ ಬಟ್ಟೆ ಇನ್ನೂ ಮಾಮುನ ಖೋಲಿಯಲ್ಲಿದ್ದವು. ಅವನ್ನು ತರಬೇಕೆಂಬುದು ನೆವ. ಒಂದು ಆದಿತ್ಯವಾರ ಮಧ್ಯಾಹ್ನ ಟಂಟಂನಲ್ಲಿ ಕ್ರಾಸಿನವರೆಗೆ ಹೋಗಿ, ಅಲ್ಲಿಂದ ಏರು ಹತ್ತಿದೆ. ಕೆಮ್ಮಣ್ಣು ಚಪ್ಪಲಿಗೆ ಹಿಡಿಯುತ್ತಿತ್ತು. ಈ ದಾರಿಯಲ್ಲಿ ನಡೆದು ಬರುತ್ತಿದ್ದವರ ಕಷ್ಟ ಏನೆಂದು ಅವತ್ತು ನನ್ನ ಕಾಲಿಗೆ ತಿಳಿಯಿತು. ಮಾಮು ನನ್ನನ್ನು ಕಂಡು ಎದ್ದು ನಿಂತ. ಚಹಾ ಮಾಡಿದ. ಕೇಳದೆಯೇ ಹೇಳಿದ. ಊರವರು ಡಿಪೋಕ್ಕೆ ಬಂದ ದಿನ ಮ್ಯಾನೇಜರ್ ಸಾಹೇಬರು ಹೇಳಿದ್ದರಂತೆ, ಡ್ರೈವರನ ಮೇಲೆ ತಪ್ಪು ಬಂದರೆ ಅವನನ್ನು ತೆಗೆಯಬೇಕಾಗುತ್ತದೆ, ಅವನು ಹೋದರೆ ಈ ರೂಟಿಗೆ ಬೇರೆ ಡ್ರೈವರ್ ಇಲ್ಲ, ಷೆಡ್ಯೂಲು ರದ್ದು ಎಂದು. ಕಂಡಕ್ಟರುಗಳಾದರೆ ಬೇಕಾದಷ್ಟಿದ್ದಾರೆ ಎಂದೂ ಹೇಳಿದರಂತೆ. ಅವತ್ತು ಸಂಜೆ ಊರವರು ಇದೇ ತಗಡಿನ ಕೆಳಗೆ ಕೂಡಿದ್ದರು. ಕಾಕಾ ಬಂದಿದ್ದರೇನು ಎಂದು ಕೇಳಿದೆ. ಇಲ್ಲ, ಅವರಿಗೆ ಊರವರೇ ಹೋಗಿ ಹೇಳಿದರು, ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು ಎಂದ.

"ನನ್ನ ಕೇಳಿದ್ರು ಬೇಟಾ. ಸುಳ್ಳು ನನ್ನ ಬಾಯಿಲೆ ಬರಂಗಿಲ್ಲ ಅಂದೆ. ಖರೇನೂ ಹೇಳಬ್ಯಾಡ ಅಂದ್ರು. ಅಷ್ಟು ನನ್ನ ಕಡಿಂದ ಆತು" ಎಂದ ಇಸ್ಮಾಯಿಲ್ ಮಾಮು. ಚಹಾದ ಕಪ್ಪನ್ನು ನನ್ನ ಕೈಗೆ ಕೊಡದೆ ಬೆಂಚಿನ ಮೇಲೆ ಇಟ್ಟ.

ಅಲ್ಲಿಂದ ರತ್ನಮ್ಮಾಯಿಯ ಮನೆಗೆ ಹೋದೆ. ದವಾಖಾನೆಯಿಂದ ಬಂದು ಕೆಲವು ದಿನವಾಗಿತ್ತು. ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದಳು. ಕಾಲು ನೇರವಾಗಿ ಚಾಚಿ ಎರಡೂ ಕಡೆ ದಿಂಬು ಒತ್ತಿದ್ದರು. ಮೈ ಅರ್ಧ ಆಗಿತ್ತು. ಸುಜಾತಾ ಒಳಗಿದ್ದಳು. ನನ್ನ ದನಿ ಕೇಳಿ ಪಾತ್ರೆಯ ಸದ್ದು ನಿಂತಿತು. ಅವಳು ಹೊರಗೆ ಬರಲಿಲ್ಲ. ಕುಂದ್ರು ಎಂದು ಮುದುಕಿ ಹೊರಸಿನ ಅಂಚು ತೋರಿಸಿದಳು. ಉಂಡಿದ್ದೀಯಾ ಎಂದು ಕೇಳಿದಳು. ಉಂಡಿಲ್ಲ ಎಂದರೆ ರೊಟ್ಟಿ ಬರುತ್ತದೆ ಎಂದು ಗೊತ್ತಿತ್ತು, ಉಂಡೆ ಎಂದೆ. ಸ್ವಲ್ಪ ಹೊತ್ತು ಕಾಲಿನ ಮಾತು, ದವಾಖಾನೆಯ ಮಾತು. ಆಮೇಲೆ ಕೇಳಿದೆ.

"ಆಯಿ, ನಾ ಸೀಟಿ ಊದಿದ್ನೇನು?"

ಅವಳು ತಡಮಾಡಲಿಲ್ಲ. "ಇಲ್ಲ. ನೀ ಊದಿಲ್ಲ. ನನಗ ಗೊತ್ತದ, ಈ ಪೋರಿಗೆ ಗೊತ್ತದ, ಊರಿಗೆಲ್ಲ ಗೊತ್ತದ."

"ಮತ್ತ್ಯಾಕ?"

"ನಿನಗ ಇನ್ನೊಂದು ರೂಟ್ ಕೊಡ್ತಾರ ಯಪ್ಪಾ. ನಮಗ ಇನ್ನೊಂದು ಗಾಡಿ ಯಾರು ಕೊಡ್ತಾರ?"

ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಿಡಿತದಲ್ಲಿ ಬಲವಿತ್ತು.

"ನೀ ಇದ್ದದ್ದಕ್ಕೇ ಹಂಗ ಹೇಳ್ಳಿಕ್ಕಾತು. ಬ್ಯಾರೆದಾಂವ ಆಗಿದ್ರ ಊರ ಮ್ಯಾಲ ಹರಿಹಾಯ್ತಿದ್ದ, ಕೋರ್ಟು ಕಚೇರಿ ಅಂತಿದ್ದ. ನೀ ಏನೂ ಅನ್ನಂಗಿಲ್ಲ ಅಂತ ನಮಗ ಗೊತ್ತಿತ್ತು."

ಈ ಮಾತು ಅವಳು ನನ್ನನ್ನು ಹೊಗಳಿ ಹೇಳಿದ್ದು. ಅವಳ ಮುಖದಲ್ಲಿ ಮೋಸ ಇರಲಿಲ್ಲ. ನನ್ನನ್ನು ಚೆನ್ನಾಗಿ ಅರಿತಿದ್ದರು, ಅದಕ್ಕಾಗಿ ನನ್ನನ್ನು ಆರಿಸಿದ್ದರು. ಅಷ್ಟು ದಿನ ನನಗೆ ಉಣ್ಣಿಸುತ್ತ, ನಾನು ಎಂಥವನು ಎಂದು ನೋಡಿಕೊಂಡಿದ್ದರು ಎಂದು ಒಂದು ಗಳಿಗೆ ಅನಿಸಿತು. ಹಾಗೆ ಎಣಿಸುವುದು ತಪ್ಪು, ಉಣ್ಣಿಸಿದಾಗ ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದು ನನಗೆ ಗೊತ್ತು. ಆದರೂ ಆ ಅನಿಸಿಕೆ ಪೂರ್ತಿ ಹೋಗಿಲ್ಲ. ಈಗಲೂ 'ಒಳ್ಳೆಯ ಹುಡುಗ' ಎಂದು ಯಾರಾದರೂ ನನ್ನನ್ನು ಕರೆದರೆ ಮೈ ಬಿಗಿಯುತ್ತದೆ.

ಹಾಸಿಗೆ ಹೊತ್ತುಕೊಂಡು ಇಳಿಜಾರಿನಲ್ಲಿ ಬರುತ್ತಿದ್ದೆ. ಸಂಜೆಯಾಗಿತ್ತು. ಕೆಳಗಿನಿಂದ ವಸ್ತಿ ಗಾಡಿ ಏರಿ ಬರುತ್ತಿರುವ ಸದ್ದು ಕೇಳಿಸಿತು. ದಾರಿಯ ಅಂಚಿಗೆ ಸರಿದು ನಿಂತೆ. ಕಾಕಾ ನನ್ನನ್ನು ಕಂಡು ಗಾಡಿ ನಿಲ್ಲಿಸಿದರು. ಹಿಂದಿನ ಕಿಟಕಿಗಳಲ್ಲಿ ಊರಿನ ಮುಖಗಳು. ಹೋಗ್ರಿ ಎಂದು ಕೈ ಮಾಡಿದೆ. ಗಾಡಿ ಹೋಗಲಿಲ್ಲ. ಇಂಜಿನ್ನು ಗುರುಗುಟ್ಟುತ್ತ ನಿಂತೇ ಇತ್ತು. ಕಾಕಾ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಮುಂದೆ ನೋಡುತ್ತ ಕೂತಿದ್ದರು. ಒಳಗಿನಿಂದ ಹೊಸ ಕಂಡಕ್ಟರ್ ಎರಡು ಸೀಟಿ ಊದಿದ. ಆಮೇಲೆಯೇ ಗಾಡಿ ಹೊರಟಿತು.

ಅಮಾನತ್ತು ಮುಗಿದ ಮೇಲೆ ನನ್ನ ಒಂದು ವರ್ಷದ ವೇತನ ಬಡ್ತಿ ತಡೆಹಿಡಿದು, ಸೇಡಂ ಕಡೆಗೆ ಹಾಕಿದರು. ಆಯಿ ಹೇಳಿದ ಹಾಗೆಯೇ ನನಗೆ ಇನ್ನೊಂದು ರೂಟು ಸಿಕ್ಕಿತು. ಬಯಲು ಸೀಮೆ, ಸಿಮೆಂಟಿನ ಲಾರಿಗಳು, ಶಹಾಬಾದಿನ ಕಲ್ಲಿನ ಖಣಿಗಳು. ಇಲ್ಲಿ ವಸ್ತಿ ಇಲ್ಲ. ಸಂಜೆ ಗಾಡಿ ಡಿಪೋಕ್ಕೆ ಬಿಟ್ಟರೆ ನನ್ನ ಕೋಣೆಗೆ ಹೋಗುತ್ತೇನೆ. ಕಾಕಾ ನಿವೃತ್ತರಾದ ಸುದ್ದಿ ಬಂತು. ಬೀಳ್ಕೊಡುಗೆಗೆ ನನ್ನನ್ನೂ ಕರೆದಿದ್ದರು, ಹೋಗಲಿಲ್ಲ. ಅವರು ಹೋದ ಮೇಲೆ ಗಟ್ಟುಪಳ್ಳಿಯ ಗಾಡಿ ಏನಾಯಿತು ಎಂದು ಸೇಡಂ ನಿಲ್ದಾಣದಲ್ಲಿ ಸಿಕ್ಕ ಚಿಂಚೋಳಿ ಕಡೆಯ ಡ್ರೈವರೊಬ್ಬನನ್ನು ಕೇಳಿದೆ. ಮರುದಿನವೇ ಬೇರೆಯವನನ್ನು ಹಾಕಿದರು, ಹೊಸ ಹುಡುಗ, ಆರಾಮಾಗಿ ಹೋಗಿ ಬರುತ್ತಾನೆ ಎಂದ. ಬೇರೆ ಡ್ರೈವರ್ ಇಲ್ಲ ಎಂದು ಊರವರಿಗೆ ಹೇಳಿದ್ದು ಬರೀ ಬೆದರಿಕೆಯ ಮಾತಾಗಿತ್ತು. ಅವರೂ ಮೋಸ ಹೋಗಿದ್ದರು. ಅದು ತಿಳಿದಾಗ ನನಗೆ ಸಮಾಧಾನವಾಗಬೇಕಿತ್ತೋ ಏನೋ, ಆಗಲಿಲ್ಲ.

ಆ ಕಡೆಯ ಸಿಬ್ಬಂದಿ ಯಾರೇ ಸಿಕ್ಕರೂ ಗಟ್ಟುಪಳ್ಳಿ ಗಾಡಿ ಹೋಗಿದೆಯೇನು ಎಂದು ಕೇಳುತ್ತೇನೆ. ಹೋಗಿದೆ ಎನ್ನುತ್ತಾರೆ. ಕಾರಣ ಕೇಳಿದವರಿಗೆ, ಅಲ್ಲಿ ಮೊದಲು ಡ್ಯೂಟಿ ಮಾಡಿದ್ದೆ ಎನ್ನುತ್ತೇನೆ. ಕಳೆದ ಮಳೆಗಾಲದಲ್ಲಿ ಒಮ್ಮೆ ಹೋಗಿಲ್ಲ ಎಂದರು. ದೊಡ್ಡವರ ಯಾವುದೋ ಕಾರ್ಯಕ್ರಮಕ್ಕೆ ಜನರನ್ನು ಒಯ್ಯಲು ಗಾಡಿಗಳನ್ನು ತೆಗೆದುಕೊಂಡಿದ್ದಾರೆ, ಸಣ್ಣ ಊರುಗಳ ವಸ್ತಿ ಎಲ್ಲ ರದ್ದು, ನಾಳೆಯೂ ಇಲ್ಲ ಎಂದರು. ನಾನು ವಾಡಿ ನಿಲ್ದಾಣದ ಮೂಲೆಯಲ್ಲಿ ನಿಂತು ಆ ಡಿಪೋದ ಕಂಟ್ರೋಲರಿಗೆ ಫೋನು ಮಾಡಿದೆ. ಗಟ್ಟುಪಳ್ಳಿ ಗಾಡಿ ಯಾಕೆ ಬಿಟ್ಟಿಲ್ಲ ಎಂದು ಕೇಳಿದೆ. ನನ್ನ ದನಿ ನನಗೇ ಗುರುತು ಸಿಗದಷ್ಟು ಏರಿತ್ತು. ಅವರು ಮೊದಲು ನಾನು ಆ ಊರಿನವನೆಂದು ತಿಳಿದು ಸಮಾಧಾನ ಹೇಳಿದರು. ಹೆಸರು ಹೇಳಿದ ಮೇಲೆ ಗುರುತು ಹತ್ತಿತು. ಆಮೇಲೆ ಕೇಳಿದರು.

"ನಿಂದೇನದ ಮಾರಾಯಾ ಆ ಊರಾಗ?"

ಏನಿದೆ ಎಂದು ಹೇಳಲಿ. ಆ ಊರಿನಲ್ಲಿ ನನಗೆ ಯಾರೂ ಇಲ್ಲ. ತಪ್ಪಿಗೆ ನನ್ನ ಹೆಸರನ್ನು ಕೊಟ್ಟು ಅವರು ಉಳಿಸಿಕೊಂಡ ಗಾಡಿ ಅದು. ಅಂಥ ಗಾಡಿ ಹೋಗದೆ ಇರಬಾರದು.

"ಅದೆಲ್ಲ ಬಿಡ್ರಿ. ಗಾಡಿ ಯಾವಾಗ ಬಿಡ್ತೀರಿ, ಅಷ್ಟು ಹೇಳ್ರಿ" ಎಂದೆ.